ಕೀಲಿ, ಕೈ, ಕಾಕಾ

ಕಾಕಾ ನನ್ನ ತಲೆ ಒಡೆದ ಗಳಿಗೆ ನನ್ನ ಕಣ್ಣಿಗೆ ಕಟ್ಟಿದಂತಿದೆ. ಲಕ್ಷ್ಮೇಶ್ವರದ ನಮ್ಮ ಮನೆಯ ಪಡಸಾಲೆ. ಬೆಳಕಿಂಡಿಯಿಂದ ಇಳಿದ ಬಿಸಿಲು. ಎತ್ತಿದ ಬಲಗೈ, ಆ ಕೈಯಲ್ಲಿ ಕಬ್ಬಿಣದ ದಪ್ಪ ಕೀಲಿ, ಕೀಲಿಯ ಕೊಂಡಿಯೊಳಗೆ ಸಿಕ್ಕಿಸಿದ ಬೆರಳುಗಳು. ಕೈ ಇಳಿಯುತ್ತದೆ. ಹಸಿ ಕುಂಬಳಕಾಯಿ ನೆಲಕ್ಕೆ ಬಿದ್ದಂಥ ಸಪ್ಪಳ. ಬಿದ್ದವನ ಕಿವಿಯ ಹಿಂದಿನಿಂದ ರಕ್ತ ಹೊರಟು ಫರಸಿಯ ಸಂದಿ ಹಿಡಿದು ಬಚ್ಚಲ ಕಡೆಗೆ ಹರಿಯುತ್ತದೆ.

ಬೇರೆ ಕಡೆಯ ಓದುಗರಿಗೆ ಒಂದು ಮಾತು ಮೊದಲೇ ಹೇಳಬೇಕು. ನಮ್ಮಲ್ಲಿ ಕೀಲಿ ಎಂದರೆ ಬೀಗ. ಬೀಗದ ಕೈಗೆ ನಾವು ಕೀಲಿಕೈ ಎನ್ನುತ್ತೇವೆ. ಮೈಸೂರು ಕಡೆಯವರು ಕೀಲಿ ಎಂದರೆ ಬೀಗದ ಕೈ ಎಂದೇ ತಿಳಿಯುತ್ತಾರೆ. ಇಷ್ಟು ಸಣ್ಣ ವ್ಯತ್ಯಾಸದ ಮೇಲೆ ಕಾಕಾನ ನೌಕರಿ, ಮರ್ಯಾದೆ, ಜೈಲಿನ ಮಾತು ಎಲ್ಲವೂ ವರ್ಷಗಟ್ಟಲೆ ತೂಗಾಡಿದವು. ಅವನು ಜೈಲಿಗೆ ಹೋಗಬೇಕೋ ಬೇಡವೋ ಎಂಬುದು ನಾನು ಮೇಲೆ ಬರೆದ ಆ ಚಿತ್ರವನ್ನು ಕೋರ್ಟಿನಲ್ಲಿ ಹೇಳುವುದರ ಮೇಲೆ ನಿಂತಿತ್ತು. ಬೇರೆ ಸಾಕ್ಷಿ ಇರಲಿಲ್ಲ.

ಚಿತ್ರ ಬಹಳ ಸ್ಪಷ್ಟವಾಗಿದೆ. ನನಗೆ ಅದರ ಬಗ್ಗೆ ಅನುಮಾನ ಬಂದದ್ದೂ ಅದಕ್ಕೇ.

ನಮ್ಮ ಅಜ್ಜ ಊರಿನ ಒಂದು ಗುಡಿಯ ಪೂಜೆಯವರು. ಅವರು ಹೋದ ಮೇಲೆ ಇಬ್ಬರು ಮಕ್ಕಳು ಉಳಿದರು. ಹಿರಿಯವನು ನಮ್ಮಪ್ಪ, ಊರಲ್ಲೇ ಕನ್ನಡ ಮಾಸ್ತರ. ಕಿರಿಯವನು ಕಾಕಾ, ಮುಂಡರಗಿಯ ಕಚೇರಿಯೊಂದರಲ್ಲಿ ಕ್ಲಾರ್ಕ. ಪೂಜೆಯ ಪಾಳಿ ಒಂದು ವರ್ಷ ಇವನದು, ಒಂದು ವರ್ಷ ಅವನದು. ದೇವರ ಬೆಳ್ಳಿಯ ಮುಖವಾಡ, ತಾಮ್ರದ ಕೊಡ, ಆರತಿ ಸಾಮಾನು ಎಲ್ಲ ನಡುಮನೆಯ ಖೋಲಿಯಲ್ಲಿದ್ದವು. ಆ ಖೋಲಿ ಯಾರ ಪಾಲಿಗೆ ಎಂಬುದು ಮಾತ್ರ ತೀರ್ಮಾನವಾಗಿರಲಿಲ್ಲ. ಮನೆ ಒಡೆದ ಅಣ್ಣತಮ್ಮಂದಿರು ನಮ್ಮ ಕಡೆ ಇಂಥದ್ದಕ್ಕೆ ಒಂದು ದಾರಿ ಮಾಡಿಕೊಂಡಿರುತ್ತಾರೆ. ಒಂದೇ ಚಿಲಕಕ್ಕೆ ಇಬ್ಬರೂ ಒಂದೊಂದು ಕೀಲಿ ಹಾಕುವುದು. ಇಬ್ಬರೂ ಬಂದರೆ ಬಾಗಿಲು, ಇಲ್ಲವಾದರೆ ಗೋಡೆ. "ಆ ಖೋಲ್ಯಾಗ ಇಲಿ ಅಷ್ಟ ಸುಖವಾಗಿ ಅದಾವ ನೋಡು, ಅವಕ್ಕ ಕೀಲಿ ಇಲ್ಲ, ಪಾಲೂ ಇಲ್ಲ," ಎಂದು ಅವ್ವ ಅನ್ನುತ್ತಿದ್ದಳು.

ಎಪ್ಪತ್ತರ ದಶಕದ ಕೊನೆಯ ಒಂದು ಶ್ರಾವಣ ಸೋಮವಾರ. ಆ ವರ್ಷ ಪಾಳಿ ಕಾಕಾನದು. ಅವನು ಮುಂಡರಗಿಯಿಂದ ಬೆಳಗಿನ ಬಸ್ಸಿಗೆ ಬಂದ, ಸ್ನಾನ ಮಾಡಿದ, ಒದ್ದೆ ಪಂಚೆಯಲ್ಲೇ ಖೋಲಿಯ ಮುಂದೆ ನಿಂತು ತನ್ನ ಕೀಲಿಗೆ ಕೀಲಿಕೈ ತೂರಿಸಿದ. ಅದು ಹೋಗಲಿಲ್ಲ. ಬಗ್ಗಿ ನೋಡಿದರೆ ತೂತಿನ ತುಂಬ ಕೆಂಪು ಅರಗು. ಯಾರೋ ಕಾಸಿ ತುಂಬಿದ್ದರು.

"ಅಣ್ಣಾ, ಯಾರು ಮಾಡ್ಯಾರಿದನ್ನ?"

"ನನ್ನೇನ ಕೇಳ್ತಿ? ನಿನ್ನ ಕೀಲಿ, ನಿನ್ನ ತೂತು."

"ಶಾಲ್ಯಾಗ ಲಕೋಟಿಗೆ ಅರಗು ಹಚ್ಚೋರು ಯಾರು? ಮಾಸ್ತರ ಅಲ್ಲೇನು?"

"ಕಚೇರ್ಯಾಗ ಹಚ್ಚೋರು ಯಾರು? ಕ್ಲಾರ್ಕ ಅಲ್ಲೇನು?"

ಇಲ್ಲಿಯವರೆಗೆ ಅದು ಜಗಳ ಮಾತ್ರ. ಕಾಕಾ ಹಿತ್ತಲಿಗೆ ಹೋಗಿ ಕಾರ ಅರೆಯುವ ಗುಂಡುಕಲ್ಲು ತಂದು ತನ್ನ ಕೀಲಿಯನ್ನೇ ಕುಟ್ಟತೊಡಗಿದ. ಬಾಗಿಲ ಚೌಕಟ್ಟಿನ ಮಣ್ಣು ಉದುರಿತು. ಕೊಂಡಿ ಸಿಡಿದು ಕೀಲಿ ಕೆಳಗೆ ಬಿತ್ತು. ಅಪ್ಪನ ಕೀಲಿ ಇನ್ನೂ ತೂಗುತ್ತಿತ್ತು. "ನಿನ್ನ ಕೀಲಿಕೈ ಕೊಡು," ಎಂದ ಕಾಕಾ. "ಅರಗು ತುಂಬ್ಯಾನಂತ ಅಂದ ಬಾಯಿಲೇ ಬೇಡಿಕೊ," ಎಂದ ಅಪ್ಪ. ಕಾಕಾ ಅಪ್ಪನ ಕುತ್ತಿಗೆಗೆ ಕೈ ಹಾಕಿದ. ಅಪ್ಪ ಅವನ ಕೂದಲು ಹಿಡಿದು ಹಣೆಯನ್ನು ಬಾಗಿಲಿಗೆ ಬಡಿದ. ಕಾಕಾ ಅಪ್ಪನ ಮಣಿಕಟ್ಟನ್ನು ಕಚ್ಚಿದ. ಹಲ್ಲಿನ ಗುರುತು ಅಪ್ಪನ ಕೈಯಲ್ಲಿ ಕೊನೆಯವರೆಗೂ ಉಳಿಯಿತು. ದೇವರ ಮುಂದೆ ಮೆತ್ತಗೆ ಮಂತ್ರ ಹೇಳುವ ಇಬ್ಬರು ಒಬ್ಬರನ್ನೊಬ್ಬರು ಕೊಲ್ಲುವಂತೆ ಬುಸುಗುಡುತ್ತಿದ್ದರು. ನಾನು ಕಾಲೇಜಿನ ರಜೆಗೆ ಮನೆಗೆ ಬಂದಿದ್ದೆ. ನಡುವೆ ನುಗ್ಗಿದೆ.

ಇಷ್ಟನ್ನು ಎಲ್ಲರೂ ಒಪ್ಪುತ್ತಾರೆ. ಒಡೆದ ಕೀಲಿಯನ್ನು ನೆಲದಿಂದ ಯಾರೋ ಎತ್ತಿಕೊಂಡರು. ಮೊದಲ ಪೆಟ್ಟಿಗೆ ನಾನು ಅಡ್ಡ ಹಿಡಿದ ಬಲಗೈಯ ಎಲುಬು ಮುರಿಯಿತು, ಎರಡನೆಯದಕ್ಕೆ ತಲೆ ಒಡೆಯಿತು. ಎತ್ತಿದವನು ತಮ್ಮ ಎಂದು ಅಪ್ಪ ಹೇಳಿದ, ಅಣ್ಣ ಎಂದು ಕಾಕಾ ಹೇಳಿದ. ಅವ್ವ, "ನಾ ಒಲಿ ಮುಂದ ಇದ್ದೆ," ಎಂದಳು.

ಮುಳಗುಂದದ ದಾರಿಯಲ್ಲಿ ನನ್ನನ್ನು ಲಾರಿಯೊಂದರಲ್ಲಿ ಮಲಗಿಸಿಕೊಂಡು ಗದಗಿಗೆ ಒಯ್ದರಂತೆ. ಅಂತೆ ಎನ್ನಲೇಬೇಕು, ಆ ದಾರಿ ನನ್ನಲ್ಲಿಲ್ಲ. ಗದಗಿನ ಆಸ್ಪತ್ರೆಯಲ್ಲಿ ಕೈ ಎಳೆದು ಕೂಡಿಸಲು, ತಲೆಗೆ ಹೊಲಿಗೆ ಹಾಕಲು ಒಂದು ಚುಚ್ಚುಮದ್ದು ಕೊಟ್ಟರು. ಅದರ ಹೆಸರು ಕೆಟಮಿನ್. ಉಸಿರು ನಿಲ್ಲಿಸದೆ ನೋವು ತೆಗೆಯುವ ಔಷಧ ಅದು. ಆಗ ಎಲ್ಲ ಕಡೆ ಬಳಸುತ್ತಿದ್ದರು.

ಆ ನಿದ್ದೆ ನಿದ್ದೆಯಲ್ಲ. ನಾನು ಮಂಚದಿಂದ ಕಳಚಿ ಮೇಲೆ ಹೋದೆ. ಚಾವಣಿಯ ಪಂಖದ ಮೇಲಿನ ಧೂಳು ಕಾಣಿಸಿತು. ಕೆಳಗೆ ಡಾಕ್ಟರರು ಯಾರದೋ ಕೈಯನ್ನು ಜಗ್ಗುತ್ತಿದ್ದರು, ಇನ್ನೊಬ್ಬರು ಅವನ ಕಂಕುಳಿಗೆ ಪಾದ ಕೊಟ್ಟು ಹಿಡಿದಿದ್ದರು. ಎಲುಬು ಕಟಕಟ ಎಂದದ್ದು ಕೇಳಿಸಿತು. ಪಾಪ, ಯಾರ ಮಗನೋ ಅನ್ನಿಸಿತು. ಗೋಡೆಗಳು ಕರಗಿ ಕೆಂಪಾದವು. ಆಮೇಲೆ ಪೂರ್ತಿ ಎಚ್ಚರಾಗುವ ಮೊದಲು ನನ್ನ ಬಾಯಿಂದ ಮೂರು ಮಾತು ಮತ್ತೆ ಮತ್ತೆ ಬರುತ್ತಿದ್ದವಂತೆ. ಕಾಕಾ. ಕೀಲಿ. ಕೈ.

ಆ ಹೊತ್ತಿಗೆ ಲಕ್ಷ್ಮೇಶ್ವರದಿಂದ ಪೊಲೀಸ್ ಫೌಜದಾರರು ಬಂದಿದ್ದರು. ಮೈಸೂರು ಕಡೆಯವರು, ಹೊಸದಾಗಿ ವರ್ಗವಾಗಿ ಬಂದವರು. ಮಂಚದ ಪಕ್ಕ ಅಪ್ಪ, ಅವ್ವ ಇಬ್ಬರೂ ಇದ್ದರು. ಅಲ್ಲಿ ನಡೆದ ಮಾತನ್ನು ಅಪ್ಪ ಆಮೇಲೆ ಬಂದವರಿಗೆಲ್ಲ ನಗುತ್ತ ಹೇಳುತ್ತಿದ್ದ. ಹಾಗಾಗಿ ಅದು ನನಗೆ ಬಾಯಿಪಾಠವಾಗಿದೆ.

"ಏನೋ ಹೇಳ್ತಿದಾನಲ್ಲ, ಏನದು?"

"ಕಾಕಾನ ಕೈಯಾಗ ಕೀಲಿ ಇತ್ತು ಅನ್ನಾಕತ್ತಾನ್ರಿ," ಎಂದ ಅಪ್ಪ.

"ಕೀಲೀನಾ? ಅಷ್ಟು ಸಣ್ಣದರಲ್ಲಿ ತಲೆ ಒಡೆಯೋಕಾಗುತ್ತೇನ್ರೀ, ಮೇಷ್ಟ್ರೇ?"

"ಅಲ್ರಿ ಸಾಹೇಬ್ರ. ನಿಮ್ಮ ಕಡೆ ಕೀಲಿ ಅಂದ್ರ ಅದು. ನಮ್ಮ ಕಡೆ ಕೀಲಿ ಅಂದ್ರ ಬೀಗ. ಕೈ ಅಂದ್ರ ಕೈ."

ಫೌಜದಾರರಿಗೆ ಹೊಸ ಶಬ್ದ ಕಲಿತ ಖುಷಿ. ಹಾಗೇ ಬರೆದುಕೊಂಡರು. ಎಚ್ಚರಾದ ಮೇಲೆ ನನ್ನನ್ನೂ ಕೇಳಿದರು. ಅಷ್ಟರಲ್ಲಿ ಚಿತ್ರ ನನ್ನ ಕಣ್ಣ ಮುಂದಿತ್ತು. ಎತ್ತಿದ ಕೈ, ಬಿಸಿಲು, ರಕ್ತ. ಹೌದು ಎಂದೆ.

ಕಾಕಾನನ್ನು ಹಿಡಿದೊಯ್ದರು. ಠಾಣೆಯಲ್ಲಿ ಅವನ ಅಂಗಾಲಿಗೆ ಹೊಡೆದರಂತೆ. ಜಾಮೀನಿನ ಮೇಲೆ ಹೊರಬಂದ ದಿನ ಅವನು ಗೋಡೆ ಹಿಡಿದುಕೊಂಡು, ಪಾದದ ಅಂಚಿನ ಮೇಲೆ ನಡೆದದ್ದನ್ನು ಊರೇ ನೋಡಿತು. ಕಚೇರಿಯವರು ಕೆಲಸದಿಂದ ಅಮಾನತ್ತಿನಲ್ಲಿಟ್ಟರು. ಶಿಕ್ಷೆಯಾದರೆ ಜೈಲೂ ಹೌದು, ನೌಕರಿಯೂ ಹೋಯಿತು. ಕೇಸು ಶಿರಹಟ್ಟಿಯ ಕೋರ್ಟಿನಲ್ಲಿ ತಾರೀಖಿನಿಂದ ತಾರೀಖಿಗೆ ತೆವಳಿತು. ನನಗೆ ಅಯ್ಯೋ ಅನ್ನಿಸಲಿಲ್ಲ. ಬಲಗೈ ಸೊಟ್ಟಗೆ ಕೂಡಿತ್ತು. ಬರೆಯುವಾಗ ನೋಯುತ್ತಿತ್ತು. ಪ್ರತಿ ಸಾಲಿಗೂ ಅವನಿಗೆ ಶಾಪ ಹಾಕುತ್ತಿದ್ದೆ.

ನಾನು ಹೊರಗಿನ ಊರಿನ ವಿಶ್ವವಿದ್ಯಾಲಯಕ್ಕೆ ಹೋಗಿ ಔಷಧಶಾಸ್ತ್ರ ಓದಿದೆ. ಔಷಧ ಹೋಗಿ ಕೂರುವ ಜೀವಕೋಶದ ಜಾಗಕ್ಕೆ ಕನ್ನಡದ ಪುಸ್ತಕಗಳಲ್ಲಿ ಗ್ರಾಹಕ ಎಂಬ ಹೆಸರಿತ್ತು. ಅಪ್ಪ ಅದನ್ನು ಅಭಿಮಾನದಿಂದ ಊರಿಗೆಲ್ಲ ಹೇಳಿದ. "ನನ್ನ ಮಗ ಗ್ರಾಹಕರ ಮ್ಯಾಲ ಅಭ್ಯಾಸ ಮಾಡಾಕತ್ತಾನ." ಕಿರಾಣಿ ಅಂಗಡಿಯ ಸಾಹುಕಾರ ರಜೆಗೆ ಬಂದ ನನ್ನನ್ನು ಕೂಡಿಸಿಕೊಂಡು, "ಹಂಗಾದ್ರ ಹೇಳಪಾ, ಉದ್ರಿ ಒಯ್ದ ಗಿರಾಕಿ ಯಾಕ ತಿರುಗಿ ಬರೂದಿಲ್ಲ?" ಎಂದು ಗಂಭೀರವಾಗಿ ಕೇಳಿದ.

ಎಂಬತ್ತರ ದಶಕದ ನಡುವೆ ಬೆಟಗೇರಿಯ ಅಂಚಿನ ಒಂದು ಸಣ್ಣ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಹಳೆಯ ಗೋದಾಮೊಂದನ್ನು ಪ್ರಯೋಗಾಲಯ ಮಾಡಿದ್ದರು. ಸುತ್ತ ನೇಕಾರರ ಮನೆಗಳು. ದಿನವಿಡೀ ಮಗ್ಗದ ಲಟಕ್ ಪಟಕ್. ಆ ಸದ್ದಿನ ನಡುವೆ ನಾನು ಇಲಿಗಳ ತಲೆ ಒಡೆಯುತ್ತಿದ್ದೆ.

ಇದನ್ನು ಮೆತ್ತಗೆ ಹೇಳುವ ದಾರಿ ಇಲ್ಲ. ಮಿದುಳಿಗೆ ಪೆಟ್ಟು ಬಿದ್ದಾಗ ಅದನ್ನು ಕಾಯುವ ಔಷಧ ಇದೆಯೇ ಎಂದು ನೋಡಬೇಕಾದರೆ ಮೊದಲು ಪೆಟ್ಟು ಹಾಕಬೇಕು. ಮಂಪರು ಕೊಟ್ಟ ಇಲಿಯ ತಲೆಯ ಚರ್ಮ ಸೀಳಿ, ಬುರುಡೆಯ ಮೇಲೆ ಒಂದು ಕೊಳವೆ ನಿಲ್ಲಿಸಿ, ಅದರೊಳಗಿಂದ ಹಿತ್ತಾಳೆಯ ತೂಕ ಬಿಡುತ್ತಿದ್ದೆ. ಮೆತ್ತನೆಯ ಒಂದು ಸಪ್ಪಳ. ಇಲಿಯ ಹಿಂಗಾಲು ಒಮ್ಮೆ ನೆಟ್ಟಗಾಗಿ ನಡುಗುತ್ತಿತ್ತು. ಕೆಲವಕ್ಕೆ ಕುತ್ತಿಗೆಯ ರಕ್ತನಾಳಗಳನ್ನು ದಾರದಿಂದ ಬಿಗಿದು ಮಿದುಳನ್ನು ಉಪವಾಸ ಕೆಡವುತ್ತಿದ್ದೆ. ಕೊನೆಗೆ ಎಲ್ಲವುಗಳ ಕತ್ತನ್ನು ಸಣ್ಣ ಕತ್ತರಿಯಂತ್ರದಲ್ಲಿಟ್ಟು ಇಳಿಸಿ, ಮಿದುಳು ತೆಗೆದು ಬಿಲ್ಲೆ ಬಿಲ್ಲೆಯಾಗಿ ಕೊಯ್ದು ನೋಡುವುದು. ಇಲಿಗಳನ್ನು ಹಿಡಿದುಕೊಡುವ ಬೆಟಗೇರಿಯ ಸಾಬರೊಬ್ಬರಿದ್ದರು. ಬಾಯಿ ಬಹಳ. "ತಲಿ ಒಡೀತೀರಿ, ಆಮ್ಯಾಲ ಔಷಧ ಕೊಡ್ತೀರಿ. ಒಡೀದ ಬಿಟ್ರ ಔಷಧದ ಖರ್ಚರ ಉಳೀತಿತ್ತಲ್ರಿ ಸರ?" ಎನ್ನುತ್ತಿದ್ದರು. ಇನ್ನೊಂದು ದಿನ, "ಇದ್ರಾಗ ನೀವು ಯಾವ ದುಶ್ಮನನ್ನ ಹೊಡಿಯಾಕತ್ತೀರಿ, ಖರೆ ಹೇಳ್ರಿ," ಎಂದರು. ನಾನು ನಕ್ಕೆ. ತೂಕವನ್ನು ಮತ್ತೆ ಎತ್ತಿದೆ.

ನಾವು ಕೊಡುತ್ತಿದ್ದ ಸಂಯುಕ್ತಕ್ಕೆ ಆಗಿನ್ನೂ ಹೆಸರು ಸಹ ಇರಲಿಲ್ಲ, ಅಕ್ಷರ ಮತ್ತು ಅಂಕಿ ಅಷ್ಟೆ. ನನ್ನ ಹಳೆಯ ಗುರುಗಳು ಎಲ್ಲಿಂದಲೋ ತರಿಸಿ ಚಿಟಿಕೆಯಷ್ಟು ಕಳಿಸಿದ್ದರು. ಅದರ ಕೆಲಸ ಹೇಳುವುದು ಸುಲಭ, ಅದರಲ್ಲೂ ನಮ್ಮ ಮನೆಯವರಿಗೆ. ಮಿದುಳಿನ ಕೋಶದ ಮೇಲೆ ಒಂದು ಬಾಗಿಲಿದೆ. ಪಕ್ಕದ ಕೋಶ ಒಂದು ರಾಸಾಯನಿಕವನ್ನು ಕೀಲಿಕೈಯಂತೆ ಕಳಿಸಿದಾಗ ಅದು ತೆರೆಯುತ್ತದೆ, ಒಂದಿಷ್ಟು ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಒಳಗೆ ಹೋಗುತ್ತದೆ, ಮತ್ತೆ ಮುಚ್ಚುತ್ತದೆ. ಪೆಟ್ಟು ಬಿದ್ದಾಗ, ರಕ್ತ ನಿಂತಾಗ ಕೀಲಿಕೈಗಳು ಹುಚ್ಚು ಹೊಳೆಯಂತೆ ಹರಿದು ಬರುತ್ತವೆ. ಬಾಗಿಲು ತೆರೆದೇ ಉಳಿಯುತ್ತದೆ. ಸುಣ್ಣ ನುಗ್ಗಿ ಕೋಶ ಒಳಗಿನಿಂದ ಸಾಯುತ್ತದೆ. ಪೆಟ್ಟಿಗಿಂತ ಪೆಟ್ಟಿನ ನಂತರದ ಈ ಗದ್ದಲ ಹೆಚ್ಚು ಕೊಲ್ಲುತ್ತದೆ ಎಂದು ಆಗ ಹೇಳುತ್ತಿದ್ದರು. ನಮ್ಮ ಸಂಯುಕ್ತ ಆ ಬಾಗಿಲಲ್ಲಿ ಅರಗಿನಂತೆ ಹೋಗಿ ಕೂರುತ್ತಿತ್ತು. ಒಂದು ವಿಚಿತ್ರವೆಂದರೆ, ಮುಚ್ಚಿದ ಬಾಗಿಲಿಗೆ ಅದು ಏನೂ ಮಾಡದು. ತೆರೆದಾಗ ಮಾತ್ರ ಒಳಹೊಕ್ಕು ಸಿಕ್ಕಿಕೊಳ್ಳುತ್ತದೆ. ಗದ್ದಲ ಹೆಚ್ಚಾದಷ್ಟೂ ಅದಕ್ಕೆ ಜಾಗ ಹೆಚ್ಚು.

ಔಷಧ ಕೊಟ್ಟ ಇಲಿಗಳ ಮಿದುಳು ಎಷ್ಟೋ ಚೆನ್ನಾಗಿ ಉಳಿಯುತ್ತಿತ್ತು. ನಾನು ಹಿಗ್ಗಿದೆ. ಆಮೇಲೆ ನೀರಿನ ತೊಟ್ಟಿಯ ಪರೀಕ್ಷೆ ಮಾಡಿದೆ. ಹಾಲಿನ ಪುಡಿ ಕಲಸಿದ ನೀರಲ್ಲಿ ಇಲಿಯನ್ನು ಬಿಡುವುದು, ಅದು ಈಜಾಡಿ ಕಾಣದ ಒಂದು ಮೆಟ್ಟಿಲನ್ನು ಹುಡುಕಿ ಹತ್ತುವುದು. ಮಾಮೂಲು ಇಲಿ ಬೇಗ ಕಲಿಯುತ್ತದೆ. ಔಷಧ ಮೈಯಲ್ಲಿರುವಾಗ ಕಲಿಸಹೋದರೆ, ಎಷ್ಟು ಸಲ ಹತ್ತಿಸಿದರೂ ಮರುದಿನ ಅದು ಹೊಸ ಇಲಿ. ಸುತ್ತಿ ಸುತ್ತಿ ಸೋತು ಮೂಗು ಮಾತ್ರ ಮೇಲಿಟ್ಟುಕೊಂಡು ಮುಳುಗುತ್ತಿತ್ತು. ಕೋಶವನ್ನು ಕೊಲ್ಲುವ ಆ ಬಾಗಿಲಿನಿಂದಲೇ ನೆನಪೂ ಒಳಗೆ ಬರುತ್ತದೆ. ಅರಗು ತುಂಬಿದರೆ ಜೀವ ಉಳಿಯುತ್ತದೆ, ಆ ಹೊತ್ತಿನ ನೆನಪು ಮೂಡುವುದಿಲ್ಲ.

ಒಂದು ಮಧ್ಯಾಹ್ನ ಹಳೆಯ ಪತ್ರಿಕೆಗಳನ್ನು ತಿರುವಿಹಾಕುತ್ತಿದ್ದಾಗ, ಅದೇ ಬಾಗಿಲಲ್ಲಿ ಕೂರುವ ಔಷಧಗಳ ಸಾಲಿನಲ್ಲಿ ಕೆಟಮಿನ್ ಹೆಸರು ಕಂಡಿತು.

ನಾನು ಎದ್ದು ಹೊರಗೆ ಬಂದು ನಿಂತೆ. ಮಗ್ಗಗಳು ನಡೆಯುತ್ತಿದ್ದವು. ಕಣ್ಣು ಮುಚ್ಚಿ ಚಿತ್ರವನ್ನು ಕರೆದೆ. ಅದು ಯಾವತ್ತಿನಂತೆ ಬಂತು. ಪಡಸಾಲೆ, ಬಿಸಿಲು, ಎತ್ತಿದ ಕೈ, ಬಿದ್ದವನು. ಇಷ್ಟು ವರ್ಷ ನಾನು ಕೇಳದೆ ಬಿಟ್ಟ ಪ್ರಶ್ನೆ ಅಲ್ಲೇ ಬಿದ್ದಿತ್ತು. ಬಿದ್ದವನು ನಾನು. ನನ್ನ ಕಿವಿಯ ಹಿಂಭಾಗ ನನಗೆ ಕಾಣುತ್ತಿದೆ. ಆ ಪಡಸಾಲೆಯನ್ನು ನಾನು ಮೇಲಿನಿಂದ, ಪಂಖದ ಎತ್ತರದಿಂದ ನೋಡುತ್ತಿದ್ದೇನೆ. ನಮ್ಮ ಮನೆಯ ಪಡಸಾಲೆಗೆ ಪಂಖವೇ ಇರಲಿಲ್ಲ.

ಅಂದರೆ ಅದು ಲಕ್ಷ್ಮೇಶ್ವರದಲ್ಲಿ ಕಂಡದ್ದಲ್ಲ. ಗದಗಿನ ಮಂಚದ ಮೇಲೆ, ಔಷಧದೊಳಗೆ, ಬಹುಶಃ ಮಂಚದ ಪಕ್ಕದ ಮಾತುಗಳನ್ನು ಕೇಳುತ್ತ ಕಟ್ಟಿಕೊಂಡದ್ದು. ಬಹುಶಃ. ತಲೆಗೆ ಪೆಟ್ಟು ಬಿದ್ದರೆ ಅದರ ಹಿಂದುಮುಂದಿನ ನೆನಪು ಹೋಗುತ್ತದೆ ಎಂಬುದು ಸಾಮಾನ್ಯ ಸಂಗತಿ. ಆದರೆ ಚಿತ್ರ ಸುಳ್ಳಾದರೆ ಅದರೊಳಗಿನ ಕೈ ಕಾಕಾನದಲ್ಲ ಎಂದೂ ಆಗುವುದಿಲ್ಲ. ಕನಸಿನಲ್ಲೂ ನಿಜ ಬೀಳಬಹುದು.

ಸಾಕ್ಷಿಯ ಕರೆ ಬಂದೇ ಬಂತು. ಅದಕ್ಕೆ ಮುಂಚಿನ ಭಾನುವಾರ ಲಕ್ಷ್ಮೇಶ್ವರಕ್ಕೆ ಹೋದೆ. ಅಪ್ಪ ಗುಡಿಗೆ ಹೋಗಿದ್ದ. ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಅವ್ವಾ, ಅವತ್ತು ನೀ ಏನು ನೋಡಿದಿ?"

"ಒಲಿ ನೋಡಿದೆ."

"ನನಗ ಸಾಕ್ಷಿ ಹೇಳೂದೈತಿ. ಖರೆ ಬೇಕು."

ಅವಳು ರೊಟ್ಟಿಯನ್ನು ತಿರುವಿದಳು. "ಪಡಸಾಲ್ಯಾಗ ಆದದ್ದು ನಾ ನೋಡಿಲ್ಲ, ದೇವ್ರಾಣಿ. ಲಾರ್ಯಾಗ ನಿನ್ನ ತಲಿ ತೊಡಿ ಮ್ಯಾಲ ಇಟ್ಕೊಂಡು ಕುಂತಿದ್ದೆ. ನಿನ್ನ ಎಡಗೈ ಮುಷ್ಟಿ ಹಿಡದಿತ್ತು. ಬಿಚ್ಚಾಕ ಬರಲಿಲ್ಲ. ಮುಳಗುಂದ ದಾಟಿದ ಮ್ಯಾಲ ತಾನ ಸಡ್ಲಾತು."

"ಏನಿತ್ತು?"

"ಕೀಲಿಕೈ."

"ಯಾರದು?"

"ನಿಮ್ಮಪ್ಪನ ಕೀಲೀದು. ಅವರು ಉಡದಾರಕ್ಕ ಕಟ್ಟಿಕೊಂಡಿರತಿದ್ರಲ್ಲ, ಆ ಉಡದಾರದ ತುಂಡೂ ಹರಕೊಂಡು ಬಂದಿತ್ತು."

ತವೆಯ ಮೇಲಿನ ರೊಟ್ಟಿ ಸೀಯುತ್ತಿತ್ತು. ಇಬ್ಬರೂ ನೋಡಲಿಲ್ಲ. ನಾನು ಅಪ್ಪನ ನಡುವಿನಿಂದ ಕೀಲಿಕೈ ಕಿತ್ತುಕೊಂಡಿದ್ದರೆ ಅದು ಕಾಕಾನಿಗೆ ಕೊಡಲಿಕ್ಕೆ. ಜಗಳ ಮುಗಿಯಲಿ ಎಂದು. ಕಾಕಾ, ಕೀಲಿಕೈ, ತಗೋ. ಮಂಚದ ಮೇಲೆ ನಾನು ಅಂದದ್ದು ಅದೇ ಇರಬೇಕು. ಮಕ್ಕಳಿಗೆ ಸಮಾಸ ಬಿಡಿಸುವುದನ್ನು ಕಲಿಸುತ್ತಿದ್ದ ಕನ್ನಡ ಮಾಸ್ತರ ನನ್ನ ಶಬ್ದವನ್ನು ನಡುವೆ ಸೀಳಿದ. ಕೀಲಿ ಅಂದರೆ ಬೀಗ, ಕೈ ಅಂದರೆ ಕೈ. ಕೀಲಿಕೈ ತರುತ್ತಿರುವವನ ತಲೆ ಒಡೆಯಲು ಕಾಕಾನಿಗೆ ಯಾವ ಕಾರಣವೂ ಇರಲಿಲ್ಲ. ಕಾರಣ ಇದ್ದವನು ಒಬ್ಬನೇ.

"ಇದನ್ನ ಫೌಜದಾರಗ ಯಾಕ ಹೇಳಲಿಲ್ಲ?"

"ಅಂವ ಕೇಳಿದ್ದು ನಿನ್ನ ಬಾಯಾಗಿಂದ ಬಂದದ್ದು. ಕೈಯಾಗಿಂದ ಬಂದದ್ದು ಯಾರು ಕೇಳಿದ್ರು?" ಸೀದ ರೊಟ್ಟಿಯನ್ನು ಬರಿಗೈಯಿಂದ ಎತ್ತಿ ಬೂದಿಗೆ ಎಸೆದಳು. "ಮಗನ ತಲಿ ಒಡದಿತ್ತು. ಗಂಡನ್ನ ಜೇಲಿಗೆ ಕಳಿಸಿ ಏನು ಮಾಡ್ಲಿ? ಮೈದುನ ದೂರ ಇದ್ದ."

ಇದನ್ನೂ ನಾನು ಪೂರ್ತಿ ನಂಬಲಾರದೆ ಹೋದೆ. ಕೀಲಿಕೈ ಕಿತ್ತುಕೊಂಡ ನೆನಪು ನನ್ನಲ್ಲಿ ಚೂರೂ ಇರಲಿಲ್ಲ. ಇಷ್ಟು ವರ್ಷದ ಮೇಲೆ ಅವಳ ಮುಷ್ಟಿಯ ಕಥೆಯೂ ಬದಲಾಗಿರಬಹುದಲ್ಲ? ಅಪ್ಪ ಕಾಕಾನಿಗೆಂದು ಎತ್ತಿದ ಕೀಲಿಗೋ, ಕಾಕಾ ಅಪ್ಪನಿಗೆಂದು ಎತ್ತಿದ ಕೀಲಿಗೋ, ನಡುವೆ ನುಗ್ಗಿದ ನನ್ನ ತಲೆ ಸಿಕ್ಕಿರಬಹುದಲ್ಲ? ಒಂದು ಚಿತ್ರವನ್ನು ಕೆಡವಿ ಆ ಜಾಗದಲ್ಲಿ ಅಪ್ಪನ ಕೈ ನಿಲ್ಲಿಸುವುದು ಬಹಳ ಸುಲಭ. ಬಸ್ಸಿನಲ್ಲಿ ಬೆಟಗೇರಿಗೆ ಹಿಂದಿರುಗುವಾಗಲೇ ಅದು ನಿಲ್ಲತೊಡಗಿತ್ತು. ಕೊಂಡಿಯೊಳಗೆ ಸಿಕ್ಕಿಸಿದ ಬೆರಳು, ಮಣಿಕಟ್ಟಿನ ಮೇಲೆ ಹಲ್ಲಿನ ಗುರುತು. ಇಷ್ಟು ಚೆನ್ನಾಗಿ ಕಾಣಿಸಿದ್ದೇ ನನ್ನನ್ನು ಹೆದರಿಸಿತು.

ಶಿರಹಟ್ಟಿಯ ಕೋರ್ಟಿನ ಕಟ್ಟೆಯ ಮೇಲೆ ಕಾಕಾನ ವಕೀಲರು ನನ್ನನ್ನು ಪಕ್ಕಕ್ಕೆ ಕರೆದರು. ನಾನು ಅನುಮಾನದಲ್ಲಿದ್ದೇನೆಂಬ ಖಬರ ಅವರಿಗೆ ಹೇಗೋ ಮುಟ್ಟಿತ್ತು.

"ಒಂದ ಮಾತು ಹೇಳಿಬಿಡ್ರಿ. ನಮ್ಮ ಕಾಕಾ ಹೊಡದಿಲ್ಲ ಅಂತ."

"ಅದು ನನಗ ಗೊತ್ತಿಲ್ರಿ."

"ಹೊಡದಾನ ಅಂತೀರೇನು?"

"ಅದೂ ಗೊತ್ತಿಲ್ರಿ."

"ಎಷ್ಟು ಕಲ್ತೀರಿ ನೀವು?"

ಹೇಳಿದೆ. "ಹಂಗಾರ ಕಷ್ಟ," ಎಂದು ಕರಿ ಕೋಟು ಸರಿಪಡಿಸಿಕೊಂಡು ಒಳಗೆ ಹೋದರು.

ಕಟಕಟೆಯಲ್ಲಿ ನಿಂತಾಗ ಎದುರಿಗೆ ಕಾಕಾ. ಕೂದಲು ಬೆಳ್ಳಗಾಗಿತ್ತು. ಹಿಂದಿನ ಬೆಂಚಿನಲ್ಲಿ ಅಪ್ಪ. ಸರಕಾರಿ ವಕೀಲರು, ಆರೋಪಿಯ ಕೈಯಲ್ಲಿ ಏನಿತ್ತು ಎಂದು ಕೇಳಿದರು.

"ನನಗೆ ಒಂದು ಚಿತ್ರ ಕಾಣಿಸುತ್ತದೆ. ಅದು ನೆನಪು ಎಂದು ಹೇಳಲಾರೆ," ಎಂದೆ.

ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿದರು. "ಚಿತ್ರ ನೋಡಾಕ ಟಾಕೀಜ ಐತಿ. ಇಲ್ಲಿ ಆದದ್ದು ಹೇಳ್ರಿ."

ಜನ ನಕ್ಕರು. ನಾನು ಕೆಟಮಿನ್ ಬಗ್ಗೆ ಹೇಳಿದೆ, ಪಂಖದ ಬಗ್ಗೆ ಹೇಳಿದೆ. ಆಸ್ಪತ್ರೆಯಲ್ಲಿ ನಾನು ಆಡಿದ ಮೂರು ಶಬ್ದಗಳಿಗೆ ಎರಡು ಅರ್ಥ ಸಾಧ್ಯ, ಕೀಲಿ ಮತ್ತು ಕೈ ಎಂದು ಬಿಡಿಸಿದರೆ ಒಂದು, ಕೂಡಿಸಿದರೆ ಇನ್ನೊಂದು ಎಂದೆ. ನ್ಯಾಯಾಧೀಶರು ನಗು ನಿಲ್ಲಿಸಿ, "ಕೂಡಿಸಿ ಹೇಳ್ರಿ," ಎಂದರು. "ಕೀಲಿಕೈ," ಎಂದೆ. ನನ್ನ ಮುಷ್ಟಿಯಲ್ಲಿ ಅದು ಇತ್ತೆಂದು ಅವ್ವ ಹೇಳುತ್ತಾಳೆ ಎಂದೂ ಹೇಳಿದೆ. ಅದು ಕೇಳಿದ ಮಾತು, ಬರೆದುಕೊಳ್ಳುವಂತಿಲ್ಲ ಎಂದು ಸರಕಾರಿ ವಕೀಲರು ಎದ್ದು ನಿಂತರು. ಕೊನೆಗೆ ಕಾಕಾನ ವಕೀಲರು ಸುತ್ತುಬಳಸದೆ ಕೇಳಿದರು. "ಇವರು ನಿಮ್ಮನ್ನ ಹೊಡೆದರೋ ಇಲ್ಲವೋ?"

ಕಾಕಾ ನನ್ನ ಬಾಯಿಯನ್ನೇ ನೋಡುತ್ತಿದ್ದ.

"ನೆನಪಿಲ್ಲ," ಎಂದೆ.

ಹೊರಗೆ ಬಂದಾಗ ಅಪ್ಪ ಹುಣಸೆ ಮರದ ಕೆಳಗೆ ನಿಂತಿದ್ದ. ಮಣಿಕಟ್ಟಿನ ಗುರುತನ್ನು ಇನ್ನೊಂದು ಕೈಯಿಂದ ತಿಕ್ಕುತ್ತಿದ್ದ. ಅದು ಅವನ ಹಳೆಯ ಚಾಳಿ.

"ಸಮಾಸ ಬಿಡಿಸೂದು ಯಾರು ಕಲಿಸಿದ್ರು ನಿನಗ?" ಎಂದ.

"ನೀವ."

"ಕೂಡಸೂದು ನಾ ಕಲಿಸಿದ್ದಿಲ್ಲಲ್ಲ," ಎಂದ. ಆಮೇಲೆ ಲಕ್ಷ್ಮೇಶ್ವರದ ಬಸ್ಸಿನಲ್ಲಿ ಮುಂದಿನ ಸೀಟಿಗೆ ಹೋಗಿ ಕುಳಿತ. ಸಾಯುವವರೆಗೆ ಆ ಮಾತನ್ನು ಮತ್ತೆ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಕೇಳಿದ್ದರೆ ಅವನಿಗಾದರೂ ನಿಜ ಗೊತ್ತಿತ್ತೇ ಎಂಬುದು ನನ್ನ ಇನ್ನೊಂದು ಅನುಮಾನ.

ತೀರ್ಪಿನ ದಿನ ಅಪ್ಪ ಬರಲಿಲ್ಲ. ಸಂಶಯದ ಲಾಭ ಕೊಟ್ಟು ಕಾಕಾನನ್ನು ಬಿಡುಗಡೆ ಮಾಡಿದರು. ನಾನು ಶಿರಹಟ್ಟಿಯ ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಹುಡುಕಿಕೊಂಡು ಹೋದೆ. ಅವನು ಮುಂಡರಗಿಯ ಬಸ್ಸಿಗೆ ಕಾಯುತ್ತ ಕಲ್ಲಿನ ಬೆಂಚಿನ ಮೇಲೆ ಒಬ್ಬನೇ ಕುಳಿತಿದ್ದ. ಚಹಾ ತಂದುಕೊಟ್ಟೆ. ತೆಗೆದುಕೊಂಡ.

"ನೌಕರಿ ತಿರುಗಿ ಕೊಡ್ತಾರ, ಕಾಕಾ," ಎಂದೆ.

"ಕೊಡ್ತಾರ." ಒಂದು ಗುಟುಕು ಕುಡಿದ. "ನಾಳೆ ಕಚೇರಿಗೆ ಹೋಕ್ಕೇನಿ. ಜನ ಏನಂತಾರ? ಸಂಶಯಕ್ಕ ಬಿಟ್ರು ಅಂತಾರ. ಇಂವ ಹೊಡದಿಲ್ಲ ಅಂತ ಒಬ್ಬರೂ ಅನ್ನೂದಿಲ್ಲ. ನೀ ಒಬ್ಬಾಂವ ಅಂದಿದ್ರ ಎಲ್ಲಾರೂ ಅಂತಿದ್ರು."

"ನನಗ ಗೊತ್ತಿಲ್ಲ, ಕಾಕಾ."

"ಖರೇನ ಗೊತ್ತಿಲ್ಲೇನು?"

"ಖರೇನ."

ಅವನು ಚಹಾದ ಕಪ್ಪನ್ನು ಬಸಿಯ ಸಮೇತ ಬೆಂಚಿನ ಮೇಲೆ ನಿಧಾನವಾಗಿ ಇಟ್ಟ. ಎದ್ದ. ಎದ್ದವನೇ ನನ್ನ ಕೆನ್ನೆಗೆ ಬಾರಿಸಿದ. ನಾನು ಕಂಬಕ್ಕೆ ಹೋಗಿ ಬಡಿದುಕೊಂಡೆ. ಕಪ್ಪು ಉರುಳಿ ಒಡೆಯಿತು. ಬಾಯಲ್ಲಿ ರಕ್ತದ ರುಚಿ. ಶೇಂಗಾ ಮಾರುವ ಮುದುಕಿ "ಅಯ್ಯ ಯವ್ವಾ," ಎಂದು ಬುಟ್ಟಿ ಎಳೆದುಕೊಂಡಳು. ಕಂಡಕ್ಟರ್ ಓಡಿಬಂದು ಕಾಕಾನ ರಟ್ಟೆ ಹಿಡಿದ. ಕಾಕಾ ಕೊಡವಿಕೊಂಡ.

"ಇದನ್ನ ಹೊಡದಾಂವ ಯಾರು?" ಎಂದು ಕೇಳಿದ.

"ನೀ, ಕಾಕಾ."

"ಔಷಧ ಗಿವಷಧ ತಗೊಂಡಿಯೇನು?"

"ಇಲ್ಲ."

"ನೆನಪ ಇರತೈತೇನು?"

"ಇರತೈತಿ."

"ಹಾಂ. ನಾ ಹೊಡದ್ರ ಹಿಂಗ ಹೊಡೀತೇನಿ. ಕೈಲೇ. ಎದುರಿಗೆ ನಿಂತು. ಇಷ್ಟರ ತಿಳಕೋಲೇ, ಶಾಣ್ಯಾ." ಮುಂಡರಗಿಯ ಬಸ್ಸು ಬಂತು. ಹತ್ತಿಹೋದ, ತಿರುಗಿ ನೋಡಲಿಲ್ಲ.

ಲಕ್ಷ್ಮೇಶ್ವರದ ಚಿತ್ರ ಈಗಲೂ ಕರೆದರೆ ಬರುತ್ತದೆ. ಒಮ್ಮೆ ಆ ಕೈ ಕಾಕಾನದು, ಒಮ್ಮೆ ಅಪ್ಪನದು. ಎರಡರಲ್ಲೂ ನಾನು ನೆಲದ ಮೇಲೆ ಬಿದ್ದು ನನಗೇ ಕಾಣಿಸುತ್ತೇನೆ. ಶಿರಹಟ್ಟಿಯದು ಬೇರೆ. ಅದರಲ್ಲಿ ನಾನೆಲ್ಲೂ ಕಾಣುವುದಿಲ್ಲ. ಕಾಕಾನ ಕೈ ಮಾತ್ರ ನನ್ನ ಕಣ್ಣಿನ ನೇರಕ್ಕೆ ಬರುತ್ತದೆ, ಬಿಚ್ಚಿದ ಅಂಗೈ, ಅದರೊಳಗೆ ಏನೂ ಇಲ್ಲ.